ನನ್ನ ಬದಲಿಗೆ ಮುಕುಂದನ ಹೆಸರು

“ಯಾಮಿನಿ, ನಿನ್ನ ತ್ಯಾಗ ಭಾಳ ದೊಡ್ಡದು ನೋಡವ್ವಾ,” ಎಂದು ನಮ್ಮ ಕಾಲೇಜಿನ ನಾಗೇಶ ಸರ್ ಫೋನಿನಲ್ಲಿ ಅಂದಾಗ ನಾನು ತಾಂಡೂರು ಬಸ್ ಸ್ಟ್ಯಾಂಡಿನ ಎದುರಿನ ಟೆಂಟಿನಲ್ಲಿ, ಕೊರಳಿಗೆ ಚೆಂಡು ಹೂವಿನ ಮಾಲೆ ಹಾಕಿಕೊಂಡು, ಹಸಿದ ಹೊಟ್ಟೆಯಲ್ಲಿ ಕುಳಿತಿದ್ದೆ.

ತೆಲಂಗಾಣ ಬೇಕು ಎಂದು ಊರಿಗೆ ಊರೇ ಕೆಲಸ ಬಿಟ್ಟು ಕುಳಿತ ವರ್ಷ ಅದು, ಎರಡು ಸಾವಿರದ ಹನ್ನೊಂದು. ಬಸ್ಸಿಲ್ಲ, ಕಾಲೇಜಿಲ್ಲ. ಕಲ್ಲಿದ್ದಲು ತೆಗೆಯುವವರೂ ಸಮ್ಮೆಯಲ್ಲಿದ್ದುದರಿಂದ ಕರೆಂಟೂ ಇಲ್ಲ. ಟೆಂಟಿನಲ್ಲಿ ದಿನಕ್ಕೆ ಹತ್ತು ಜನರಂತೆ ಸರದಿಯ ಉಪವಾಸ. ನನ್ನದು ಆವತ್ತು ಎರಡನೇ ಸರದಿ.

“ಯಾವ ತ್ಯಾಗ ಸರ್?” ಅಂದೆ.

“ಅದೇ, ಕಲಬುರಗಿ ಗಣಿತ ಸ್ಪರ್ಧಾದ್ದು. ಸಮ್ಮೆ ಸಲುವಾಗಿ ನೀ ಬ್ಯಾಡ ಅಂದಿ ಅಂತ ಮಿಲಿಂದ್ ಹೇಳ್ದ. ನಿನ್ನ ಬದ್ಲಿ ಮುಕುಂದನ ಹೆಸರು ಕಳಿಸೀನಿ. ಮನಸ್ಸಿಗೆ ಹಚ್ಕೋಬ್ಯಾಡ.”

ನನ್ನ ಕೊರಳಿನ ಮಾಲೆ ಒಮ್ಮೆಲೇ ಭಾರವಾಯಿತು.

“ನಾ ಯಾವಾಗ ಬ್ಯಾಡ ಅಂದೆ ಸರ್?”

ಆ ಕಡೆ ಸರ್ ಕೆಮ್ಮಿದರು.

ಫೋನಿಟ್ಟು ಮಿಲಿಂದನಿಗೆ ಹಚ್ಚಿದೆ. ಎರಡು ವರ್ಷದಿಂದ ನಾವು ಒಂದೇ ಕ್ಲಾಸು, ಜಹೀರಾಬಾದಿನಲ್ಲಿ ಎಂ.ಎಸ್ಸಿ. ಗಣಿತ. ಜೋಡಿಯಾಗಿ ಬರೆಯುವ ಈ ಸ್ಪರ್ಧೆಗೆ ಕಾಲೇಜಿನಿಂದ ನಾವಿಬ್ಬರೇ ಜೋಡಿ. ಒಬ್ಬರಿಗೊಬ್ಬರು ನೀ, ನಾ ಎಂದೇ ಮಾತು. ಸಿಟ್ಟು ಬಂದಾಗ ಮಾತ್ರ ನಾನು ಅವನಿಗೆ ಮರ್ಯಾದೆ ಕೊಡುತ್ತೇನೆ.

“ಮಿಲಿಂದ್ ಅವರು ಏನ್ರಿ?”

“ಯಾಕ, ಏನಾತು?” ಅವನ ದನಿ ಆಗಲೇ ಇಳಿದಿತ್ತು.

“ನಾ ಸ್ಪರ್ಧಾ ಬ್ಯಾಡ ಅಂದೀನಿ ಅಂತಲ್ರಿ. ಯಾವ ದಿನ ಅಂದೆ, ಜರಾ ನೆನಪು ಮಾಡಿ ಹೇಳ್ರಿ.”

“ನೀ ಅನ್ನಲಿಲ್ಲ ಯಾಮಿನಿ. ಪೇಪರಿನ್ಯಾಗ ನಿನ್ನ ಫೋಟೋ ನೋಡ್ದೆ. ತಲಿ ಮ್ಯಾಲೆ ಇಷ್ಟು ದೊಡ್ಡ ಬೋರ್ಡು, ಪರೀಕ್ಷಾ ಬಹಿಷ್ಕಾರ ಅಂತ. ಅದರ ಕೆಳಗ ನೀ. ಈಗ ನಾ ಬಂದು ಸ್ಪರ್ಧಾಕ್ಕ ಬರ್ತಿ ಏನು ಅಂತ ಕೇಳಿದರ ನಿನಗ ಎಷ್ಟು ಸಂಕಟ. ಹೂಂ ಅಂದರ ನಿಮ್ಮ ಮಂದಿ ಬೈತಾರ. ಇಲ್ಲ ಅಂದರ ನೀ ಒಳಗೊಳಗ ಕೊರಗತಿ. ಆ ಮಾತು ನಿನ್ನ ಬಾಯಿಂದ ಬರಸೋದು ಬ್ಯಾಡ ಅಂತ…”

“ನೀವೇ ಅಂದು ಮುಗಿಸಿದ್ರಿ.”

“ನಿನ್ನ ಸಲುವಾಗಿ.”

“ನನ್ನ ಬಾಯಿ ನನ್ನ ಮುಖದ ಮ್ಯಾಲೇ ಅದ ರೀ. ಮೂಗಿನ ಕೆಳಗ. ಎಲ್ಲೂ ಹೋಗಿಲ್ಲ.”

ಅವನು ಬಹಳ ದೊಡ್ಡ ಮನಸ್ಸಿನವನ ಹಾಗೆ ಅಂದ, “ಹಂಗಾದರ ನಾ ಬಿಡ್ತೀನಿ. ನೀನು ಮತ್ತ ಮುಕುಂದ ಹೋಗ್ರಿ. ಈಗೇ ಸರ್‌ಗೆ ಫೋನ್ ಹಚ್ಚಿ ಹೇಳ್ತೀನಿ.”

“ಮತ್ತ ನೀವೇ ನಿರ್ಧಾರ ಮಾಡಿದ್ರಿ,” ಅಂದೆ. “ಐದು ನಿಮಿಷದಾಗ ಎರಡನೇ ಸಲ. ಫೋನ್ ಹಚ್ಚಿದರ ನೋಡ್ರಿ.”

ನನ್ನ ಪಕ್ಕದಲ್ಲಿ ಅಂಜಮ್ಮ ಕುಳಿತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವವಳು. ನಮ್ಮ ಕೊರಳಿನ ಮಾಲೆಗಳೆಲ್ಲ ಅವಳು ಕಟ್ಟಿದವೇ. ಅವಳು ನನ್ನನ್ನು ನೋಡಿ ಅಂದಳು, “ಯಾರವ್ವಾ ಆಂವ?”

“ಯಾರೂ ಅಲ್ಲ.”

“ಯಾರೂ ಅಲ್ಲದವರ ಮ್ಯಾಲೆ ಇಷ್ಟು ಸಿಟ್ಟು ಬರಂಗಿಲ್ಲ ಬಿಡು. ಉಪವಾಸ ಕುಂತಾಕಿ ಮೆಲ್ಲಗ ಸಿಟ್ಟು ಮಾಡ್ಬೇಕು, ತಲಿ ತಿರಗತದ.”

ನನ್ನ ಸಿಟ್ಟಿಗೆ ಒಂದು ವರ್ಷದ ವಯಸ್ಸಾಗಿತ್ತು. ಹೋದ ವರ್ಷವೂ ಕಾಲೇಜಿನಿಂದ ಒಂದೇ ಜೋಡಿ ಹೋಗಬೇಕಿತ್ತು. ಹುಡುಗಿ ಅಷ್ಟು ದೂರ ಹೇಗೆ ಹೋಗುತ್ತಾಳೆ ಎಂದು ಸ್ಟಾಫ್ ರೂಮಿನಲ್ಲೇ ತೀರ್ಮಾನವಾಗಿ ಇಬ್ಬರು ಹುಡುಗರು ಹೋದರು. ಐದರಲ್ಲಿ ಒಂದು ಲೆಕ್ಕ ಬಿಡಿಸಿ ಬಂದರು. ಆ ಐದರಲ್ಲಿ ಮೂರನ್ನು ನಾನು ಹಾಸ್ಟೆಲಿನಲ್ಲಿ ಕುಳಿತು ಬಿಡಿಸಿದ್ದೆ. ‘ಬರ್ತಿ ಏನು’ ಎಂದು ಆಗಲೂ ನನ್ನನ್ನು ಯಾರೂ ಕೇಳಲಿಲ್ಲ. ಇದು ನನ್ನ ಕೊನೆಯ ವರ್ಷ. ಇನ್ನೊಮ್ಮೆ ಎಂಬುದು ಇಲ್ಲ. ಇದೆಲ್ಲವನ್ನೂ ನಾನು ಮಿಲಿಂದನಿಗೆ ಹೇಳಿದ್ದೆ. ತಲೆಯಾಡಿಸಿ ಕೇಳಿಸಿಕೊಂಡಿದ್ದ. ಅದೇ ಉರಿ.

ತಯಾರಿಯೆಂದರೆ ಬರೀ ಪುಸ್ತಕ ಓದುವುದಲ್ಲ. ನಾಗೇಶ ಸರ್ ನಮಗೆ ಹಾಕಿಕೊಟ್ಟ ಪದ್ಧತಿ ಬೇರೆ. ಒಬ್ಬರು ಪ್ರೂಫ್ ಬರೆಯಬೇಕು. ಇನ್ನೊಬ್ಬರ ಕೆಲಸ ಅದನ್ನು ಒಡೆಯುವುದು. ಸಹಾಯ ಮಾಡುವ ಹಾಗಿಲ್ಲ, ಸುಳಿವು ಕೊಡುವ ಹಾಗಿಲ್ಲ, ತೂತು ಹುಡುಕಬೇಕು ಅಷ್ಟೆ. ಒಡೆಯುವುದರಲ್ಲಿ ಮಿಲಿಂದ್ ನಿಸ್ಸೀಮ. ತೂತು ಸಿಕ್ಕರೆ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡಕ ತೆಗೆಯುತ್ತಾನೆ. ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸುತ್ತಾನೆ. ಕನ್ನಡಕವಿಲ್ಲದ ಕಣ್ಣು ನನ್ನ ಮೇಲೆ ಇರುತ್ತದೆ, ಬರೆದದ್ದರ ಮೇಲಲ್ಲ. ಆ ಕಣ್ಣಿಗೆ ದೂರದ್ದು ಕಾಣುವುದಿಲ್ಲ. ಹತ್ತಿರದ್ದು ಮಾತ್ರ ಕಾಣುತ್ತದೆ. ನಾನು ಹತ್ತಿರವೇ ಇರುತ್ತಿದ್ದೆ.

ಸಮ್ಮೆ ಶುರುವಾಗಿ ಹಾಸ್ಟೆಲ್ ಮುಚ್ಚಿ ನಾನು ತಾಂಡೂರಿಗೆ ಬಂದ ಮೇಲೆ ಅವನು ಆದಿತ್ಯವಾರಕ್ಕೊಮ್ಮೆ ಜಹೀರಾಬಾದಿನಿಂದ ಎಪ್ಪತ್ತು ಕಿಲೋಮೀಟರ್ ಗಾಡಿ ಹೊಡೆದುಕೊಂಡು ಬರುತ್ತಿದ್ದ. ನಮ್ಮಪ್ಪ ಪೋಚಪ್ಪ ಕಲ್ಲಿನ ಪಾಲಿಶ್ ಮಾಡುವ ಯಾರ್ಡಿನಲ್ಲಿ ಕೆಲಸಗಾರ. ಕರೆಂಟಿಲ್ಲದೆ ಮಷೀನುಗಳೆಲ್ಲ ನಿಂತಿದ್ದವು. ಪಾಲಿಶ್ ಆಗದ ನೀಲಿ ಫರಸಿ ಕಲ್ಲುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಕಾಲೇಜಿನ ಬೋರ್ಡಿಗಿಂತ ಚಂದ ಕಾಣುತ್ತದೆ. ಒಂದು ಕಲ್ಲು ತುಂಬಿದರೆ ಪಕ್ಕದ ಕಲ್ಲು. ಇಡೀ ಯಾರ್ಡೇ ನಮ್ಮ ನೋಟ್‌ಬುಕ್ಕು.

ಮೂರನೇ ಆದಿತ್ಯವಾರ ಒಂದು ಲೆಕ್ಕ ನಮ್ಮನ್ನು ಹಿಡಿದು ಕೂಡಿಸಿತು. ಒಂದು ಕೋಣೆಯ ನೆಲಕ್ಕೆ ಬೇರೆ ಬೇರೆ ಅಳತೆಯ ಫರಸಿ ಹಾಸಿದ್ದಾರೆ. ಪ್ರತಿ ಫರಸಿಯ ಉದ್ದವೋ ಅಗಲವೋ, ಯಾವುದಾದರೂ ಒಂದು, ಪೂರ್ತಿ ಅಡಿಯ ಅಳತೆ. ಹಾಗಿದ್ದರೆ ಕೋಣೆಯ ಉದ್ದವೋ ಅಗಲವೋ ಪೂರ್ತಿ ಅಡಿಯದ್ದೇ ಆಗಿರಬೇಕು, ಸಾಧಿಸಿ ತೋರಿಸಿ.

ಮಿಲಿಂದ್ ಇಂಟಿಗ್ರೇಶನ್ ಹಚ್ಚಿ ಮೂರು ಕಲ್ಲು ತುಂಬಿಸಿದ. ಅಪ್ಪ ಬೀಡಿ ಸೇದುತ್ತ ನಿಂತು ನೋಡಿ ಕೇಳಿದ, “ಏನದ ಅದು?”

ಹೇಳಿದೆ.

“ಇದಕ್ಕ ಇಷ್ಟು ಬರೀಬೇಕಾ? ಹಾಸಿ ನೋಡಿದರ ಗೊತ್ತಾಗತದಲ್ಲ,” ಎಂದು ಅಪ್ಪ ಹೊರಟುಹೋದ.

ಹಾಸಿ ನೋಡಿದರೆ. ನಾನು ನೆಲದ ಮೇಲೆ ಅರ್ಧ ಅಡಿಯ ಚೌಕಗಳನ್ನು ಗೀಚಿದೆ, ಚದುರಂಗದ ಹಾಗೆ, ಒಂದು ಕಪ್ಪು ಒಂದು ಬಿಳಿ. ಒಂದು ಬದಿ ಪೂರ್ತಿ ಅಡಿಯಿರುವ ಫರಸಿಯನ್ನು ಅದರ ಮೇಲೆ ಎಲ್ಲಿ ಇಟ್ಟರೂ ಅದರ ಕೆಳಗೆ ಕಪ್ಪು ಎಷ್ಟೋ ಬಿಳಿಯೂ ಅಷ್ಟೇ. ಎಲ್ಲ ಫರಸಿಗಳಿಗೂ ಹಾಗೇ ಆದರೆ ಇಡೀ ಕೋಣೆಗೂ ಹಾಗೇ. ಮೂಲೆಯಿಂದ ಚೌಕ ಗೀಚಿದ ಕೋಣೆಯಲ್ಲಿ ಕಪ್ಪು ಬಿಳಿ ಸಮ ಬರಬೇಕೆಂದರೆ ಒಂದು ಬದಿ ಪೂರ್ತಿ ಅಡಿ ಇರಲೇಬೇಕು. ಮುಗಿಯಿತು. ಇಂಟಿಗ್ರೇಶನ್ನೂ ಇಲ್ಲ, ಏನೂ ಇಲ್ಲ.

ಮಿಲಿಂದ್ ಕನ್ನಡಕ ತೆಗೆದ. ನಾನು ಕಾದೆ. ಒರೆಸಿದ, ಮತ್ತೆ ಒರೆಸಿದ. ತೂತು ಸಿಗಲಿಲ್ಲ.

“ಒಡಿ,” ಅಂದೆ.

“ಒಡ್ಯಾಕ ಆಗವಲ್ದು,” ಅಂದ. ಅದನ್ನು ಅವನು ಎಷ್ಟು ಸಂತೋಷದಿಂದ ಹೇಳಿದನೆಂದರೆ ನಾನು ಬೇರೆ ಕಡೆ ನೋಡಬೇಕಾಯಿತು.

ಆಮೇಲೆ ಅವನ ಕೈ ನನ್ನ ಮುಖದತ್ತ ಬಂತು, ಅರ್ಧಕ್ಕೆ ನಿಂತಿತು. ನನ್ನ ಗಲ್ಲಕ್ಕೆ ಸೀಮೆಸುಣ್ಣ ಹತ್ತಿತ್ತಂತೆ. ಮುಟ್ಟಲಿಲ್ಲ. ತನ್ನ ಗಲ್ಲವನ್ನೇ ಮುಟ್ಟಿ, ಇಲ್ಲಿ ಎಂದು ತೋರಿಸಿದ. ನಾನು ಬೇಕೆಂದೇ ಇನ್ನೊಂದು ಗಲ್ಲ ಒರೆಸಿಕೊಂಡೆ. ಮತ್ತೆ ತೋರಿಸಲಿ ಎಂದು.

ಅಂಥವನು ನನ್ನನ್ನು ಒಂದು ಮಾತು ಕೇಳದೆ ನನ್ನ ಹೆಸರು ತೆಗೆಸಿದ್ದ.

ಮರುದಿನ ನಾನೇ ನಮ್ಮ ಕ್ಲಾಸಿನ ಮುಕುಂದನಿಗೆ ಫೋನ್ ಮಾಡಿದೆ. ಸಮ್ಮೆಯೆಂದು ಅವನು ತನ್ನೂರು ರಾಯಿಕೋಡಿನಲ್ಲಿದ್ದ.

“ಯಾಮಿನಿ, ನೀ ಫೋನ್ ಮಾಡಿದ್ದು ಭಾಳ ಛಲೋ ಆತು,” ಅಂದ, ನಾನು ಬಾಯಿ ತೆರೆಯುವ ಮೊದಲೇ. “ನನಗೇನು ಯಾರರ ಕೇಳ್ಯಾರೇನು? ಸೀದಾ ಹೆಸರು ಬರದ್ರು. ಮೂರು ದಿನ ಆತು, ಊಟ ಸೇರವಲ್ದು. ಕನಸಿನ್ಯಾಗ ಮ್ಯಾಟ್ರಿಕ್ಸ್ ಬರ್ತಾವ. ಎಲ್ಲಿ ಸಹಿ ಮಾಡ್ಲಿ ಹೇಳು, ಈಗ ಬಂದು ಮಾಡ್ತೀನಿ.”

ಆಮೇಲೆ ಫೋನ್ ಹಚ್ಚಿದಾಗ ಸರ್ ನಿಯಮ ಹೇಳಿದರು. ಶನಿವಾರ ಮಧ್ಯಾಹ್ನ ಒಂದಕ್ಕೆ ಸ್ಪರ್ಧೆ. ಹೆಸರು ಬದಲಿಸಬೇಕೆಂದರೆ ಹನ್ನೆರಡರೊಳಗೆ ಜೋಡಿಯ ಇಬ್ಬರೂ ಖುದ್ದಾಗಿ ಹೋಗಿ ಸರ್ ಪತ್ರ, ಮುಕುಂದನ ಒಪ್ಪಿಗೆ ಎರಡನ್ನೂ ಕೊಡಬೇಕು. ಬಸ್ಸಂತೂ ಇರಲಿಲ್ಲ, ಶನಿವಾರದಿಂದ ರೈಲೂ ಬಂದ್. ಇದ್ದದ್ದು ಮಿಲಿಂದನ ಗಾಡಿ ಒಂದೇ. ನನಗೆ ಆ ಗಾಡಿಯ ಮೇಲೂ ಸಿಟ್ಟು ಬಂತು.

‘ಶನಿವಾರ ಏಳಕ್ಕ ಬರ್ರಿ. ಸರ್ ಪತ್ರ, ಮುಕುಂದನ ಒಪ್ಪಿಗಿ ಎರಡೂ ತರ್ರಿ,’ ಎಂದು ಮೆಸೇಜ್ ಹಾಕಿದೆ.

‘ಆತು,’ ಎಂದು ಬಂತು. ಅದರ ಹಿಂದೆಯೇ ‘ಸಿಟ್ಟು ಇಳೀತೇನು?’ ಎಂದು ಇನ್ನೊಂದು. ಉತ್ತರ ಕೊಡಲಿಲ್ಲ.

ಶುಕ್ರವಾರ ಸಂಜೆ ಅಪ್ಪ ಹೇಳಿದ, “ಸಮ್ಮೆ ನಡದದ. ಮಂದಿ ಏನರ ಅಂದಾರು ನೋಡು.”

“ಅಂದರ ನನಗ ಅನ್ಲಿ ಅಪ್ಪಾ. ನಾ ಕೇಳಸ್ಕೋತೀನಿ.”

ಅಪ್ಪ ಬೀಡಿ ಹಚ್ಚಿದ.

ಶನಿವಾರ ಏಳಕ್ಕೆ ಐದು ನಿಮಿಷ ಇರುವಾಗಲೇ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ. ನಾನು ನನ್ನ ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಕುಳಿತೆ. ಆ ಬ್ಯಾಗಿನಲ್ಲಿ ಎರಡು ದಪ್ಪ ಪುಸ್ತಕಗಳಿದ್ದವು. ಗೋಡೆ ಗಟ್ಟಿಯಾಗಿತ್ತು.

“ಕುಂತಿ ಏನು?”

“ಹೊಡೀರಿ.”

ಎಂಟು ಕಿಲೋಮೀಟರ್ ಹೋಗಿರಲಿಲ್ಲ, ರಸ್ತೆ ನಿಂತಿತು. ಡಾಂಬರಿನ ನಟ್ಟನಡುವೆ ಮೂರು ಕಲ್ಲಿನ ಒಲೆಗಳು, ಒಂದರ ಮೇಲೆ ಅನ್ನದ ಹಂಡೆ, ಇನ್ನೊಂದರ ಮೇಲೆ ಬೇಳೆ. ಊರಿನವರೆಲ್ಲ ರಸ್ತೆಯ ಮೇಲೇ ಅಡಿಗೆ ಮಾಡಿ ರಸ್ತೆಯ ಮೇಲೇ ಉಣ್ಣುವ ಚಳವಳಿ. ವಂಟಾ-ವಾರ್ಪು ಎಂದು ಅದಕ್ಕೆ ಹೆಸರು. ಹಂಡೆಯ ಹತ್ತಿರ ಸೌಟು ಹಿಡಿದು ಅಂಜಮ್ಮ. ನಮ್ಮ ಟೆಂಟಿನ ಮುಂದಾಳು ನರೇಶ ಲಾಠಿಯ ಹಾಗೆ ಒಂದು ಬಿದಿರು ಅಡ್ಡ ಹಿಡಿದು ಬಂದ.

“ಯಾಮಿನಕ್ಕಾ, ಎಲ್ಲಿಗಿ?”

ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮಿಲಿಂದ್ ಅಂದ, “ಇವರಿಗೆ ಆರಾಮಿಲ್ಲ ರೀ. ದವಾಖಾನಿಗೆ ಹೊಂಟೀವಿ.”

ಗಾಡಿಯಿಂದ ಇಳಿದೆ.

“ನಾ ಆರಾಮ ಇದ್ದೀನಿ ನರೇಶ. ಆರಾಮಿಲ್ಲದವರು ಇವರು. ಇವರಿಗೆ ಒಂದು ರೋಗ ಅದ, ಮತ್ತೊಬ್ಬರ ಬಾಯಿಂದ ಮಾತಾಡೋದು. ನಾ ಕಲಬುರಗಿಗಿ ಹೊಂಟೀನಿ. ಗಣಿತ ಸ್ಪರ್ಧಾ ಅದ, ಮಧ್ಯಾಹ್ನ ಒಂದಕ್ಕ.”

ನರೇಶನ ಮುಖ ಬಿಗಿಯಿತು. “ಪರೀಕ್ಷಾ ಬಹಿಷ್ಕಾರ ಅಂತ ಬೋರ್ಡಿನ ಕೆಳಗ ಕುಂತಾಕಿ ನೀನೇ ಅಲ್ಲೇನಕ್ಕಾ? ಈಗ ನೀನೇ ಹೊಂಟರ ಮಂದಿಗಿ ನಾ ಏನಂತ ಹೇಳ್ಲಿ?”

ಸುತ್ತ ಜನ ಸೇರಿದರು. ಮಿಲಿಂದ್ ಯಾವುದಕ್ಕೆ ಹೆದರಿದ್ದನೋ ಅದೇ ನನ್ನ ಎದುರು ನಿಂತಿತ್ತು. ಖರೆ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು. ಆದರೆ ಸಿಟ್ಟಿನಲ್ಲಿ ಒಂದು ಗುಣವಿದೆ; ದನಿ ನಡುಗಲು ಬಿಡುವುದಿಲ್ಲ.

“ಎರಡು ದಿನ ಉಪವಾಸ ಕುಂತೀನಿ, ಮೂರನೇ ಸರದಿ ಬಂದರ ಮತ್ತ ಕೂಡ್ತೀನಿ,” ಅಂದೆ. “ಅದು ಈ ಸರ್ಕಾರ ನಡಸೋ ಪರೀಕ್ಷಿಗಿ ಬಹಿಷ್ಕಾರ. ನಾ ಬರಿಯೋದು ಗಡಿ ಆಚಿಗಿ. ನಾವು ಯಾಕ ಕುಂತೀವಿ ನರೇಶ, ಇಷ್ಟು ದಿನ? ನಮ್ಮ ಬದ್ಲಿ ಬ್ಯಾರೆ ಯಾರೋ ಕುಂತು ನಮ್ಮದು ತೀರ್ಮಾನ ಮಾಡಬಾರದು ಅಂತ. ಹೌದೋ ಇಲ್ಲೋ? ಹಂಗಿದ್ದರ ನನ್ನದು ನೀ ಯಾಕ ತೀರ್ಮಾನ ಮಾಡ್ತಿ?”

ನರೇಶ ಬಿದಿರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ನಾ ಏನು ಅನ್ನಂಗಿಲ್ಲಕ್ಕಾ. ಆದರ ಮಂದಿ…”

“ಮಂದಿ ಅಂದರ ಯಾರೋ?” ಅಂಜಮ್ಮ ಸೌಟು ಎತ್ತಿದಳು. “ನಾ ಮಂದಿ ಅಲ್ಲೇನು? ಇಕಿ ನನ್ನ ಬಾಜೂ ಕುಂತು ಹಸದಾಳ. ನಂದು ಒಂದ ತಕರಾರು. ಇಲ್ಲಿಂದ ಉಣ್ಣದ ಯಾರೂ ಮುಂದ ಹೋಗಂಗಿಲ್ಲ. ಅನ್ನ ಇನ್ನಾ ಬೆಂದಿಲ್ಲ, ಕೂಡ್ರಿ.”

“ಅಂಜಮ್ಮಾ, ಹನ್ನೆರಡರೊಳಗ ಮುಟ್ಟಬೇಕು.”

“ಬಿರಾನ ಬೇಯಿ ಅಂತ ಅನ್ನಕ್ಕ ಹೇಳು, ನನಗ ಯಾಕ ಹೇಳ್ತಿ?”

ಕಾದೆವು. ಅನ್ನ ಬೇಯುವವರೆಗೂ ನಾನು ಗಡಿಯಾರ ನೋಡಿದೆ. ಮಿಲಿಂದ್ ಅಲ್ಲಿದ್ದ ಮುದುಕನೊಬ್ಬನ ಸಂಗಡ ತೊಗರಿಯ ಬಗ್ಗೆ ಮಾತಾಡಿದ. ಒಂಬತ್ತೂವರೆಗೆ ಎಲೆ ಬಂತು. ಅವನು ಇಸ್ತ್ರಿಯ ಅಂಗಿಯಲ್ಲೇ ಡಾಂಬರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಲ್ಲರ ಸಂಗಡ ಉಂಡ. ಇನ್ನಷ್ಟು ಬೇಳೆ ಹಾಕ್ರಿ ಎಂದು ಕೇಳಿ ಹಾಕಿಸಿಕೊಂಡ. ನನಗೆ ಅದೂ ಸಿಟ್ಟು ತರಿಸಿತು. ಯಾಕೆಂದು ಆಗ ತಿಳಿಯಲಿಲ್ಲ.

ಗಡಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೊಗರಿ ಎದೆಯುದ್ದ ನಿಂತು ಹಳದಿ ಹೂ ಬಿಡುತ್ತಿತ್ತು. ಗಾಳಿಗೆ ನನ್ನ ಮಾತು ಅವನಿಗೆ ಕೇಳಲಿ ಎಂದು ಜೋರಾಗಿಯೇ ಅಂದೆ.

“ಭಾಳ ಸೊಗಸಾಗಿ ಉಂಡ್ರಿ. ಅಂಜಮ್ಮಂದು ಯಾವ ಜಾತಿ ಅಂತ ನೀವು ಕೇಳಲಿಲ್ಲ? ನಿಮ್ಮ ಮನ್ಯಾಗ ಗೊತ್ತಾದರ?”

ಅವನು ಬ್ರೇಕು ಹಾಕಿದ. ಗಾಡಿ ರಸ್ತೆಯ ಅಂಚಿಗೆ ಬಂದು ನಿಂತಿತು. ಇಳಿದು ಹೆಲ್ಮೆಟ್ ತೆಗೆದು ನನ್ನ ಕಡೆ ತಿರುಗಿದ. ಎರಡು ವರ್ಷದಲ್ಲಿ ಅವನ ಮುಖ ಹಾಗೆ ಕೆಂಪಾದದ್ದನ್ನು ನಾನು ನೋಡಿರಲಿಲ್ಲ.

“ಸಿಟ್ಟು ನಿನಗೊಬ್ಬಾಕಿಗೇ ಬರ್ತದ ಅಂತ ತಿಳ್ದೀ ಏನು?” ಅಂದ. “ಅಲ್ಲಿ ನನ್ನ ಉಣ್ತಿ ಏನು ಅಂತ ಕೇಳಿದ್ರು. ಉಂಡೆ. ನಾಕು ಆದಿತ್ಯವಾರ ನಿಮ್ಮ ಯಾರ್ಡಿಗಿ ಬಂದೀನಿ. ಮಧ್ಯಾಹ್ನ ಆದರ ನಿಮ್ಮಪ್ಪ ನನಗ ಹೋಟೆಲಿಂದ ಇಡ್ಲಿ ತರಸ್ತಿದ್ರು. ನೀ ಮನಿಗಿ ಹೋಗಿ ಉಂಡು ಬರ್ತಿದ್ದಿ. ಮನಿ ಎಷ್ಟು ದೂರ ಅದ? ಇಪ್ಪತ್ತು ಹೆಜ್ಜಿ. ಮೊದಲನೇ ದಿನಾನೇ ನಿಮ್ಮವ್ವ ಬಾಗಿಲದಾಗ ನಿಂತು ಅಂದದ್ದು ಕೇಳೀನಿ. ‘ಅವರಿಗಿ ಕರೀಬ್ಯಾಡ್ರಿ, ಅವರು ನಮ್ಮಂಥವರ ಮನ್ಯಾಗ ಉಣ್ಣಂಗಿಲ್ಲ.’ ನಾ ಉಣ್ಣಂಗಿಲ್ಲ ಅಂತ ಯಾವ ದಿನ ಅಂದೆ ಯಾಮಿನಿ? ನನ್ನ ಬಾಯಿ ಎಲ್ಲಿ ಹೋಗಿತ್ತು?”

ಅವ್ವ ಹಾಗೆ ಅಂದಾಗ ನಾನು ಅಲ್ಲೇ ನಿಂತಿದ್ದೆ. ಹೌದು ಎಂದು ತಲೆಯಾಡಿಸಿದ್ದೆ. ಮಿಲಿಂದನವರದು ತಲೆಮಾರುಗಳಿಂದ ಜಹೀರಾಬಾದಿನಲ್ಲಿ ನೆಲೆನಿಂತ ಮನೆ. ತಂದೆ ಬ್ಯಾಂಕಿನಲ್ಲಿ, ತಾಯಿ ಮಥುರಾಬಾಯಿಯ ಮಡಿ ಅಡಿಗೆಮನೆಯ ಸುದ್ದಿ ಕಾಲೇಜಿಗೆಲ್ಲ ಗೊತ್ತು. ನಾವು ಬುದ್ಧನ ಫೋಟೋ ಇಟ್ಟುಕೊಂಡ ಎರಡು ಕೋಣೆಯ ಮನೆಯವರು. ಕೇಳಿ ಅವನು ಬೇಡ ಅಂದುಬಿಟ್ಟರೆ, ಆ ಕನ್ನಡಕವಿಲ್ಲದ ಕಣ್ಣನ್ನು ಮತ್ತೆ ಹೇಗೆ ನೋಡುವುದು ಎಂದು ನಾನು ಕೇಳಿರಲಿಲ್ಲ.

“ಬ್ಯಾಡ ಅಂದರ ಅಂತ ಅಂಜಿಕಿ ಇತ್ತು,” ಅಂದೆ. ಆ ಫೋನಿನ ನಂತರ ಮೊದಲ ಸಲ, ರೀ ಇಲ್ಲದೆ. “ನೀ ಬ್ಯಾಡ ಅನ್ನೋದು ಕೇಳಾಕ ನನಗ ಆಗಂಗಿಲ್ಲ.”

“ನನಗರ ಆಗತಿತ್ತೇನು?” ಅವನ ದನಿ ಇಳಿಯಿತು. “ನಿನ್ನ ಸಂಕಟ, ನಿಮ್ಮ ಮಂದಿ, ಅದೆಲ್ಲಾ ಖರೇ. ಆದರ ಪೂರಾ ಖರೇ ಅಲ್ಲ. ಸ್ಪರ್ಧಾ ಬ್ಯಾಡ ಅಂತ ನೀ ಅಂದಿದ್ದರ, ನನ್ನ ಸಂಗಡ ಬರಂಗಿಲ್ಲ ಅಂದಂಗ ಕೇಳ್ತಿತ್ತು ನನಗ. ನೀ ಅನ್ನೋಕಿಂತ ಮೊದಲು ನಾನೇ ಅಂದೆ. ಹೇಡಿ ಕೆಲಸ. ತಪ್ಪಾತು.”

ಒಂದು ಲಾರಿ ಹಾದುಹೋಯಿತು. ಅದರ ಧೂಳು ಇಳಿದ ಮೇಲೆ ಅವನು ಅಂದ,

“ನಿನ್ನ ಮ್ಯಾಲೆ ಪ್ರೀತಿ ಅದ ಯಾಮಿನಿ. ಎಪ್ಪತ್ತು ಕಿಲೋಮೀಟರ್ ಗಣಿತದ ಸಲುವಾಗಿ ಯಾರೂ ಬರಂಗಿಲ್ಲ. ಹೇಳ್ದೆ. ಇನ್ನ ನಿನಗ ಏನು ಅನ್ನೋದದ ಅನ್ನು.”

ನಾನು ಗಡಿಯಾರ ನೋಡಿದೆ. ಹತ್ತೂಕಾಲು.

“ಹನ್ನೆರಡರೊಳಗ ಮುಟ್ಟಬೇಕು,” ಅಂದೆ. “ಗಾಡಿ ಹೊಡಿ.”

ಅವನು ತಲೆಯಾಡಿಸಿ ಕಿಕ್ ಹೊಡೆದ. ನಾನು ಬ್ಯಾಗನ್ನು ಎತ್ತಿ ನನ್ನ ಬೆನ್ನಿಗೆ ಹಾಕಿಕೊಂಡು ಕುಳಿತೆ. ಅವನ ಬೆನ್ನಿಗೆ ಅದು ಗೊತ್ತಾಯಿತು, ನೆಟ್ಟಗಾಯಿತು. ಅಲ್ಲಿಂದ ಕಲಬುರಗಿಯವರೆಗೆ ಅವನು ಒಂದೂ ಗುಂಡಿಗೆ ಗಾಡಿ ಇಳಿಸಲಿಲ್ಲ.

ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಮೇಜಿನ ಹಿಂದಿನ ಗುಮಾಸ್ತರು ಪತ್ರ ಓದಿದರು, ಮುಕುಂದನ ಒಪ್ಪಿಗೆ ಓದಿದರು, ಕನ್ನಡಕದ ಮೇಲಿಂದ ನೋಡಿದರು. “ಹೊಸ ಹೆಸರು ಏನ್ರಿ?”

ಮಿಲಿಂದನ ತುಟಿ ಬಿಚ್ಚಿತು. ನೋಡಿದೆ. ಮುಚ್ಚಿಕೊಂಡಿತು.

“ಯಾಮಿನಿ,” ಅಂದೆ. “ತಂದಿ ಹೆಸರು ಪೋಚಪ್ಪ. ತಾಂಡೂರು.” ಅವರು ತೋರಿಸಿದ ಕಡೆ ಸಹಿ ಮಾಡಿದೆ. ನನ್ನ ಸಹಿ ಅಷ್ಟು ದೊಡ್ಡದಾಗಿ ಬಂದದ್ದು ಅದೇ ಮೊದಲು. ಕೆಳಗಿನ ಗೆರೆಯನ್ನೂ ದಾಟಿತ್ತು.

ಮೂರು ತಾಸು, ಐದು ಲೆಕ್ಕ. ಮೊದಲಿನ ಮೂರನ್ನು ನೀರು ಕುಡಿದ ಹಾಗೆ ಮಾಡಿದೆವು. ನಾಲ್ಕನೆಯದರಲ್ಲಿ ಜಗಳ ಬಿತ್ತು. ಅವನು ಇಂಡಕ್ಷನ್ ಅಂದ, ನಾನು ಅವನ ಎರಡನೇ ಹೆಜ್ಜೆಯನ್ನು ಒಡೆದೆ. ಮತ್ತೆ ಬರೆದ, ಮತ್ತೆ ಒಡೆದೆ. “ಜಗಳಾ ಮೆತ್ತಗ ಆಡ್ರಿ,” ಎಂದು ಮೇಲ್ವಿಚಾರಕರು ಬಂದು ಹೇಳಿಹೋದರು. ಕೊನೆಯ ಹದಿನೈದು ನಿಮಿಷದಲ್ಲಿ ಅವನು ಪೆನ್ನನ್ನು ನನ್ನ ಕೈಗೆ ಕೊಟ್ಟು ಕೇಳಿದ, “ನೀ ಹ್ಯಾಂಗ ಬರೀತಿ ಹೇಳು.” ಹೇಳಿದೆ. ಬರೆದೆ. ಅವನು ಒಡೆಯಲು ನೋಡಿದ. ಗಂಟೆ ಹೊಡೆಯಿತು. ಐದನೆಯದನ್ನು ಮುಟ್ಟಲೇ ಇಲ್ಲ. ಫಲಿತಾಂಶ ದೀಪಾವಳಿ ಆದಮೇಲೆ ಅಂದರು. ಬಂದಾಗ ಬರಲಿ. ಪೇಪರಿನ ಮೇಲೆ ಎರಡು ಹೆಸರಿದ್ದವು, ಒಂದು ನನ್ನದು.

ತಾಂಡೂರು ಮುಟ್ಟಿದಾಗ ಸಂಜೆ ಏಳು. ಓಣಿಯಲ್ಲಿ ಕರೆಂಟಿಲ್ಲ, ಬಾಗಿಲುಗಳಲ್ಲಿ ಕಂದೀಲು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಅವ್ವ ಬಾಳಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಬರುತ್ತಿತ್ತು.

“ಹ್ಯಾಂಗ ಆತು ಪೇಪರು?” ಅಪ್ಪ ಕೇಳಿದ.

“ಮೂರೂವರಿ ಆತು.”

“ಐದಕ್ಕ?”

“ಐದಕ್ಕ.”

ಮಿಲಿಂದ್ ಗಾಡಿಯಿಂದ ಇಳಿದಿರಲಿಲ್ಲ. “ಹೋಗ್ತೀನ್ರಿ ಕಾಕಾ, ಹೊತ್ತಾತು,” ಅಂದ. ಅಪ್ಪ ಎದ್ದು ನಿಂತು, “ಹೂಂನ್ರಿ, ಹುಷಾರಾಗಿ ಹೋಗ್ರಿ,” ಅಂದ. ಇಬ್ಬರೂ ಎಷ್ಟು ಮರ್ಯಾದೆಯಿಂದ ಒಬ್ಬರನ್ನೊಬ್ಬರು ದೂರ ಇಡುತ್ತಿದ್ದರೆಂದರೆ ನನಗೆ ಕಿರುಚಬೇಕೆನಿಸಿತು.

“ಮಿಲಿಂದ್,” ಅಂದೆ, ಒಳಗೆ ಅವ್ವನಿಗೂ ಪಕ್ಕದ ಮನೆಗೂ ಕೇಳುವ ಹಾಗೆ. “ನಮ್ಮ ಮನ್ಯಾಗ ಉಣ್ತೀ ಏನು?”

ರೊಟ್ಟಿಯ ಸದ್ದು ನಿಂತಿತು. ಅಪ್ಪ ನೆಲ ನೋಡಿದ.

ಮಿಲಿಂದ್ ಗಾಡಿಗೆ ಸ್ಟ್ಯಾಂಡ್ ಹಾಕಿದ. “ಉಣ್ತೀನಿ,” ಅಂದ. “ಮುಂಜಾನಿ ರಸ್ತೆ ಮ್ಯಾಲೆ ಉಂಡದ್ದು, ಆಮ್ಯಾಲೆ ಏನೂ ಇಲ್ಲ. ಭಾಳ ಹಸಿವಿ ಆಗ್ಯದ.”

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಇವತ್ತ ಬರೀ ಪುಂಡಿ ಪಲ್ಯ ಅದ ಯಪ್ಪಾ, ಮತ್ತೇನೂ ಮಾಡಿಲ್ಲ,” ಎಂದು ತಪ್ಪು ಮಾಡಿದವಳ ಹಾಗೆ ಅಂದಳು.

“ಪುಂಡಿ ಪಲ್ಯ ಅಂದರ ನಾಕು ರೊಟ್ಟಿ ಬೇಕಾಗ್ತಾವ ರೀ ಅವ್ವಾ,” ಅಂದ ಮಿಲಿಂದ್, ಚಪ್ಪಲಿ ಬಿಡುತ್ತ.

ಕಂದೀಲಿನ ಬೆಳಕಿನಲ್ಲಿ ನಾನೇ ಬಡಿಸಿದೆ. ಎರಡನೇ ರೊಟ್ಟಿ ಹಾಕಲು ಬಾಗಿದಾಗ ಮೆಲ್ಲಗೆ ಕೇಳಿದೆ, “ರಸ್ತೆ ಮ್ಯಾಲೆ ಒಂದು ಮಾತು ಹೇಳ್ದಿ. ನಾ ಏನಂತೀನಿ ಅಂತ ಮನಸ್ಸಿನ್ಯಾಗ ತೀರ್ಮಾನ ಮಾಡೀ ಏನು?”

“ಇಲ್ಲ,” ಅಂದ. “ದಿನಪೂರ್ತಿ ಮಾಡಿಲ್ಲ. ಭಾಳ ತ್ರಾಸ ಆಗ್ಯದ.”

“ಆಗಲಿ. ಆಗಬೇಕು.” ಪಲ್ಯ ಹಾಕಿದೆ. ಅವನು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಒರೆಸದೆ, ಸುಮ್ಮನೆ ನನ್ನನ್ನು ನೋಡಿದ. ಸಿಟ್ಟು ಇನ್ನೂ ಇತ್ತು, ಎಲ್ಲಿಯೂ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು. “ನಂದೂ ಅದೇ ಅದ,” ಅಂದೆ.

“ಏನದು?” ಒಲೆಯ ಹತ್ತಿರದಿಂದ ಅವ್ವ ಕೇಳಿದಳು.

“ಉಪ್ಪು ಸಾಕು ಅಂತ ಅಂದೆ.”

ಅಪ್ಪ ಕೈ ತೊಳೆದು ಬಂದು ಕುಳಿತ. ಏನಾದರೂ ಮಾತಾಡಬೇಕೆಂದು ಅಂದ, “ನಾಳಿ ಆದಿತ್ಯವಾರ. ಸ್ಪರ್ಧಾ ಮುಗೀತು. ಇನ್ನ ಇವರಿಗಿ ಇಲ್ಲಿತನಾ ಬರೋ ಕೆಲಸ ಇಲ್ಲ.”

“ಕೆಲಸ ಇಲ್ಲದಿದ್ದರೂ ಬರ್ತಾನ ಅಪ್ಪಾ,” ಅಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಿಲಿಂದನ ಕಣ್ಣು ತಟ್ಟೆಯ ಮೇಲಿತ್ತು, ಭುಜ ಮಾತ್ರ ನಗುತ್ತಿತ್ತು.

“ಬರ್ತೀ ಏನು?” ಕೇಳಿದೆ.

“ಎಷ್ಟೊತ್ತಿಗಿ ಬರ್ಲಿ?”

“ಮುಂಜಾನಿನೇ ಬಾ. ಆಗ ಓಣಿ ಮಂದಿ ಎಲ್ಲಾ ಹೊರಗ ಕುಂತಿರ್ತಾರ. ನೋಡ್ಲಿ.”